ಮೈಕಮ್ಮನ ಬಾಯಿ

ನನ್ನ ಅತ್ತಿಗೆಯ ಬಾಯಿಯ ಬಗ್ಗೆ ಊರಿನವರೆಲ್ಲ ಮಾತಾಡಿ ಆಗಿದೆ. ಈಗ ನಾನು ಮಾತಾಡುತ್ತೇನೆ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಅತ್ತಿಗೆಯನ್ನು ‘ಅವರು’ ಎನ್ನುತ್ತೇನೆ, ನನ್ನ ಅಣ್ಣನನ್ನು ‘ಅವನು’ ಎನ್ನುತ್ತೇನೆ. ಅಣ್ಣ ನನಗಿಂತ ದೊಡ್ಡವನು, ಸ್ವಂತ ಅಂಗಡಿ ಇಟ್ಟವನು, ನಾಲ್ಕು ಜನರ ನಡುವೆ ಮರ್ಯಾದೆ ಇರುವವನು. ಅವನಿಗೆ ಏಕವಚನ, ಅವನ ಹೆಂಡತಿಗೆ ಬಹುವಚನ ಎಂದರೆ ಕೆಲವರಿಗೆ ಕಿರಿಕಿರಿಯಾಗಬಹುದು. ಆಗಲಿ. ಮದುವೆಯಾದಾಗಿನಿಂದ ಅತ್ತಿಗೆ ಅವನನ್ನು ‘ರೀ’ ಎಂದರು, ಅವನು ಅವರನ್ನು ‘ಲೇ’ ಎಂದ. ಅದರಿಂದ ಯಾರಿಗೂ ಕಿರಿಕಿರಿಯಾದದ್ದನ್ನು ನಾನು ನೋಡಿಲ್ಲ.

ಅತ್ತಿಗೆಗೆ ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಎಲ್ಲಿ ನಿಂತಿದೆ, ಎಲ್ಲಿಗೆ ಹೊರಡುತ್ತದೆ, ಯಾವುದು ಕೆಟ್ಟು ಕೂತಿದೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ವಿಚಾರಣೆ ಕಿಟಕಿಯ ಮೇಲುಗಡೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ, ಮೂರು ಕಡೆ ಗಾಜಿರುವ ಒಂದು ಪುಟ್ಟ ಕೋಣೆ. ಮೇಜಿನ ಮೇಲೆ ಸ್ಪಂಜಿನ ಟೋಪಿ ಹಾಕಿಕೊಂಡ ಮೈಕು, ಅದರ ಗುಂಡಿ, ಪಕ್ಕದಲ್ಲಿ ಒಂದು ಫೋನು. ಬಸ್ಸು ಗೇಟು ದಾಟಿದ ಕೂಡಲೇ ಗೇಟಿನವನು ಫೋನು ಮಾಡುತ್ತಿದ್ದ. ಅತ್ತಿಗೆ ಫ್ಯಾನು ಆರಿಸಿ, ಗುಂಡಿ ಒತ್ತಿ, ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರು ಮಾಡುತ್ತಿದ್ದರು. ಫ್ಯಾನು ತಿರುಗುತ್ತಿದ್ದರೆ ಅದರ ಗರಗರ ಮೈಕಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಆ ಗಾಜಿನ ಕೋಣೆಯಲ್ಲಿ ಬೇಯುತ್ತ ಕೂತು ಅಷ್ಟು ತಣ್ಣಗೆ ಹೇಗೆ ಮಾತಾಡುತ್ತಿದ್ದರೋ! ಕೇಳಿದರೆ, “ಬೆವರು ಮುಖದ ಮೇಲಿರಲಿ, ಧ್ವನಿಗೆ ಇಳೀಬಾರದು ಕಣೇ” ಎನ್ನುತ್ತಿದ್ದರು.

ಡ್ರೈವರು ಕಂಡಕ್ಟರುಗಳು ಅವರನ್ನು ಮೈಕಮ್ಮ ಎಂದು ಕರೆಯುತ್ತಿದ್ದರು. ಅತ್ತಿಗೆಯ ನಾಲಿಗೆ ಚುರುಕು. ಬರೆದುಕೊಟ್ಟದ್ದನ್ನು ಓದಿ ಸುಮ್ಮನಾಗುವ ಜಾತಿಯವರಲ್ಲ. ಒಮ್ಮೆ ಒಂದು ಚಿಕ್ಕ ಹುಡುಗಿ ಅಳುತ್ತ ಮೆಟ್ಟಿಲ ಬಳಿ ನಿಂತಿದ್ದಳಂತೆ. ಅತ್ತಿಗೆ ಅವಳನ್ನು ಮೇಲೆ ಕೂರಿಸಿಕೊಂಡು ಮೈಕಿನಲ್ಲಿ ಹೇಳಿದರು: “ಪ್ರಯಾಣಿಕರ ಗಮನಕ್ಕೆ. ನೀಲಿ ಅಂಗಿ ತೊಟ್ಟ ಒಬ್ಬ ತಂದೆ ಕಾಣೆಯಾಗಿದ್ದಾರೆ. ಅವರ ಮಗಳು ಬಿಸ್ಕತ್ತು ತಿನ್ನುತ್ತ ಕಾಯುತ್ತಿದ್ದಾಳೆ. ತಂದೆ ಸಿಕ್ಕಿದವರು ದಯವಿಟ್ಟು ಕೈಹಿಡಿದು ಕರೆತನ್ನಿ.” ನಿಲ್ದಾಣವೆಲ್ಲ ನಕ್ಕಿತು. ನೀಲಿ ಅಂಗಿಯ ಮನುಷ್ಯ ತಲೆತಗ್ಗಿಸಿಕೊಂಡು ಓಡಿಬಂದ. ಇನ್ನೊಮ್ಮೆ, ಹೊರಡುವ ಹೊತ್ತು ಮೀರಿದರೂ ಹೋಟೆಲಿನಿಂದ ಏಳದ ಡ್ರೈವರಿಗೆ, “ನಿಮ್ಮ ಟೀ ಬಿಸಿಯಿದೆ ಎಂದು ಬಲ್ಲೆವು. ಇಲ್ಲಿ ಪ್ರಯಾಣಿಕರೂ ಬಿಸಿಯಾಗಿದ್ದಾರೆ” ಎಂದರು. ಆ ಡ್ರೈವರು ಲೋಟ ಅಲ್ಲೇ ಬಿಟ್ಟು ಬಂದು, ಸ್ಟಿಯರಿಂಗು ಹಿಡಿಯುವ ಮೊದಲು ಗಾಜಿನ ಕೋಣೆಯತ್ತ ನೋಡಿ ಒಂದು ಮಾತು ಬೈದ. ಅವನು ಬೈದದ್ದು ಅತ್ತಿಗೆಯನ್ನಲ್ಲ, ಪಾಪ, ಅವರ ತಾಯಿಯನ್ನು. ಇಲ್ಲಿ ಯಾರನ್ನು ಬೈಯಬೇಕಾದರೂ ಒಬ್ಬ ಹೆಂಗಸಿನ ಮೇಲೆ ಹಾದುಹೋಗಬೇಕು.

ನಿಲ್ದಾಣದ ಅಧಿಕಾರಿ ಅತ್ತಿಗೆಯನ್ನು ಕರೆಸಿ, “ನೋಡಮ್ಮಾ, ಮೈಕು ಇರೋದು ಬಸ್ಸಿನ ವಿಷಯಕ್ಕೆ. ಹೆಣ್ಮಕ್ಕಳಿಗೆ ಅಷ್ಟೊಂದು ತಮಾಷೆ ಚೆನ್ನಾಗಿರಲ್ಲ” ಎಂದಿದ್ದರು. ಅದೇ ಅಧಿಕಾರಿ ದಿನಾ ಸಂಜೆ ನನ್ನ ಅಣ್ಣನ ಅಂಗಡಿಯ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಣ್ಣನದು ವಾಚು ರಿಪೇರಿ ಅಂಗಡಿ, ನಿಲ್ದಾಣದ ಗೋಡೆಗೆ ಅಂಟಿಕೊಂಡೇ ಇದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಹಲ್ಲಿನ ಚಕ್ರ ಎತ್ತುತ್ತ, ತಲೆಯೆತ್ತದೆ ಜೋಕು ಹೇಳುವುದರಲ್ಲಿ ಅವನದು ಎತ್ತಿದ ಕೈ. ಬಸ್ಸು ತಡವಾದಷ್ಟೂ ಅವನ ಅಂಗಡಿಯ ಮುಂದೆ ಜನ. ಮೇಲೆ ಅತ್ತಿಗೆಯ ಧ್ವನಿ ಶುರುವಾದರೆ ಸಾಕು, ಅವನು ಚಿಮಟ ಕೆಳಗಿಟ್ಟು ಕಿವಿಯ ಹಿಂದೆ ಕೈ ಇಡುತ್ತಿದ್ದ. “ಕೇಳಿಸ್ಕೊಂಡ್ರಾ? ಇದು ಡ್ಯೂಟಿ ಟೈಮು. ಓವರ್‌ಟೈಮು ಮನೇಲಿ!” ಎನ್ನುತ್ತಿದ್ದ. ಜನ ನಗುತ್ತಿದ್ದರು. “ನಮ್ಮನೆಯೋಳಿಗೆ ಮಾತಾಡೋಕೆ ಸಂಬಳ ಕೊಡ್ತಾರೆ ಸ್ವಾಮಿ. ಕೇಳಿಸ್ಕೊಳ್ಳೋ ನನಗೆ ಮೂರು ಕಾಸು ಕೊಡೋರಿಲ್ಲ!” ಮತ್ತೆ ನಗು.

ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ಅಣ್ಣನ ಒಳ್ಳೆಯ ಜೋಕುಗಳೆಲ್ಲ ಹುಟ್ಟುತ್ತಿದ್ದದ್ದು ನಮ್ಮ ಅಡುಗೆಮನೆಯಲ್ಲಿ. ಊಟಕ್ಕೆ ತಡವಾಗಿ ಬಂದ ಅಣ್ಣನಿಗೆ ತಟ್ಟೆ ಇಡುತ್ತ ಅತ್ತಿಗೆ ನನ್ನ ಕಡೆ ತಿರುಗಿ, “ನಿಮ್ಮಣ್ಣ ಊರಿನವರ ಟೈಮೆಲ್ಲ ಸರಿ ಮಾಡ್ತಾರೆ ನೋಡು, ಮನೆಗೆ ಬರೋ ಟೈಮೊಂದು ಬಿಟ್ಟು” ಎಂದರು. ನಾನು ನೀರು ಕುಡಿಯುತ್ತಿದ್ದವಳು ಕೆಮ್ಮಿಬಿಟ್ಟೆ. ಅಣ್ಣ ನಗಲಿಲ್ಲ, “ಬಾಯಿಬಡುಕಿ” ಎಂದ. ಮಾರನೆಯ ದಿನ ಅವನಿಗೆ ಊಟದ ಡಬ್ಬಿ ಕೊಡಲು ಹೋದಾಗ ಕೇಳುತ್ತೇನೆ, “ಊರಿನವರ ಟೈಮೆಲ್ಲ ಸರಿ ಮಾಡ್ತೀನಿ ಸ್ವಾಮಿ, ನನ್ನ ಹೆಂಡ್ತಿ ಬಾಯಿ ಮುಚ್ಚೋ ಟೈಮೊಂದು ಬಿಟ್ಟು!” ಅಧಿಕಾರಿ ಗೋಡೆಗೆ ಒರಗಿಕೊಂಡು ನಗುತ್ತಿದ್ದರು. ಅತ್ತಿಗೆಗೆ ಹೇಳಿದರೆ ಅವರು ಸಿಟ್ಟಾಗಲಿಲ್ಲ. “ನನ್ನ ಮಾತನ್ನೇ ಹಳೇ ಅಂಗಿ ಥರ ಬಿಚ್ಚಿ ತಿರುವಿ ಹೊಲಿದಿದ್ದಾರೆ ಅಷ್ಟೇ. ಅವರು ಮಾತಾಡಿದ್ರೆ ಮಾತುಗಾರ, ನಾನು ಮಾತಾಡಿದ್ರೆ ಬಾಯಿಬಡುಕಿ. ಬಾಯಿ ಅದೇ, ಮೀಸೆ ಒಂದೇ ಹೆಚ್ಚು” ಎಂದರು.

ನಾನು ಯಾಕೆ ಅಣ್ಣನ ಮನೆಯಲ್ಲಿದ್ದೇನೆ ಎಂದರೆ, ನಾನು ಗಂಡ ಬಿಟ್ಟವಳು. ಈ ಮಾತಿನಲ್ಲಿ ಯಾರು ಯಾರನ್ನು ಬಿಟ್ಟರು ಎಂದು ಗೊತ್ತೇ ಆಗುವುದಿಲ್ಲ, ಆದರೂ ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಬಿಟ್ಟು ಹೋದವನು ನನ್ನ ಗಂಡ. ಅವನನ್ನು ಜನ ‘ಪಾಪ, ಒಬ್ಬನೇ ಇದ್ದಾನೆ’ ಎನ್ನುತ್ತಾರೆ. ನಾನು ಹೊರಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಡ್ರೈವರು ಕಂಡಕ್ಟರುಗಳ ಸಮವಸ್ತ್ರ ಹೊಲಿಯುತ್ತೇನೆ. ಅತ್ತಿಗೆಗೆ ಮಕ್ಕಳಿಲ್ಲ. ಅದಕ್ಕೂ ಒಂದು ಪದವಿದೆ, ಅದೂ ಹೆಂಗಸಿಗೆ ಮಾತ್ರ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಾವಿಬ್ಬರೂ ಹೀಗೆ ಬಿರುದಾಂಕಿತರು. ಸಂಜೆ ಅವರು ಬಂದು ಚಪ್ಪಲಿ ಬಿಡುವುದನ್ನೇ ನಾನು ಕಾಯುತ್ತಿದ್ದೆ. ಅಂದಿನ ನಿಲ್ದಾಣವನ್ನೆಲ್ಲ ಅವರು ನನ್ನ ಮುಂದೆ ಮಾಡಿ ತೋರಿಸುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ನಗಿಸಿದವರು ಇನ್ನೊಬ್ಬರಿಲ್ಲ.

ಅವರ ಧ್ವನಿ ಒಡೆಯಲು ಶುರುವಾದದ್ದು ಚಳಿಗಾಲದಲ್ಲಿ. ನೆಗಡಿ ಎಂದುಕೊಂಡೆವು. ನೆಗಡಿ ಹೋಯಿತು, ಧ್ವನಿ ಬರಲಿಲ್ಲ. ಬಿಸಿನೀರು ಕುಡಿದರು, ಉಪ್ಪುನೀರು ಮುಕ್ಕಳಿಸಿದರು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡರು. ಮೈಕಿನಿಂದ ಗೊರಗೊರ ಬರತೊಡಗಿತು. ಡ್ರೈವರುಗಳಿಗೆ ಹಬ್ಬ. ಯಾರೋ ಒಬ್ಬ, “ಮೈಕಮ್ಮ ಹೋಗಿ ಮೈಕಪ್ಪ ಆಗ್ಬಿಟ್ರಲ್ಲ!” ಎಂದ. ಆ ಹೆಸರು ಒಂದೇ ದಿನದಲ್ಲಿ ನಿಲ್ದಾಣವನ್ನೆಲ್ಲ ಸುತ್ತಿಬಂತು. ಅತ್ತಿಗೆ ಮನೆಗೆ ಬಂದು ಅದನ್ನು ತಾವೇ ನನಗೆ ಹೇಳಿ ನಕ್ಕರು. “ಅಪ್ಪ ಆದ್ಮೇಲಾದ್ರೂ ಹೇಳಿದ ಮಾತು ಕೇಳ್ತಾರೇನೋ ನೋಡೋಣ.” ನಗುವಾಗ ಕೆಮ್ಮು ಬಂತು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಅಣ್ಣನ ಅಂಗಡಿಯಲ್ಲಂತೂ ಹೊಸ ಸರಕು ಬಂದ ಹಾಗಾಯಿತು. “ಕೊನೆಗೂ ನನ್ನ ಮೊರೆ ಯಾರಿಗೋ ಕೇಳಿಸಿದೆ!” “ಗಂಟಲು ಸವೆದಿದೆ ಸ್ವಾಮಿ, ಸ್ಪೇರ್ ಪಾರ್ಟು ಸಿಗಲ್ಲ!” ಅಣ್ಣನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇದನ್ನು ಆಣೆಯಿಟ್ಟು ಹೇಳುತ್ತೇನೆ. ರಾತ್ರಿ ಅತ್ತಿಗೆಗೆ ಹಾಲು ಬಿಸಿಮಾಡಿ ಕೊಡುತ್ತಿದ್ದವನು ಅವನೇ. ಅವನು ಕೆಟ್ಟವನಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಒಂದು ದಿನ ನಾನೇ ಹಟ ಹಿಡಿದು ಡಾಕ್ಟರ ಬಳಿ ಹೊರಡಿಸಿದೆ. ನಮ್ಮ ಬೀದಿಯ ಕೊನೆಯ ದವಾಖಾನೆ. ಬೆಂಚು, ಗೋಡೆಗೆ ತೂಗುಹಾಕಿದ ಎಲುಬಿನ ಚಿತ್ರ, ಒಳಗೆ ಹಸಿರು ಪರದೆ. ಅಣ್ಣ ಅತ್ತಿಗೆ ಒಳಗೆ ಹೋದರು, ಹಿಂದೆಯೇ ನಾನೂ ಹೋಗಿ ಪರದೆಯ ಬಳಿ ನಿಂತೆ. ಡಾಕ್ಟರು ಅಣ್ಣನ ಗಿರಾಕಿಯೇ, ಕೈಗೆ ಕಟ್ಟಿದ್ದ ವಾಚು ಅಣ್ಣ ಸರಿಮಾಡಿದ್ದು. ಅವರು ಅತ್ತಿಗೆಯ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ಟಾರ್ಚು ಆರಿಸಿ, ಪೆನ್ನು ಎತ್ತಿಕೊಂಡು, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು.

“ಎಷ್ಟು ದಿನದಿಂದ ಹೀಗಿದೆ ಈ ಗಂಟಲು?”

ಅತ್ತಿಗೆ ಉತ್ತರ ಕೊಡಲು ಉಸಿರೆಳೆದುಕೊಂಡರು. ಆಗ ಅವರಿಗೆ ಮಾತು ಶುರು ಮಾಡಲು ಸ್ವಲ್ಪ ಸಮಯ ಬೇಕಾಗುತ್ತಿತ್ತು. ಆ ಸಣ್ಣ ಸಂದಿಯಲ್ಲಿ ಅಣ್ಣ ನುಗ್ಗಿದ.

“ಮದುವೆ ಆದ ದಿನದಿಂದ, ಡಾಕ್ಟ್ರೇ!”

ಡಾಕ್ಟರು ಕುರ್ಚಿಗೆ ಒರಗಿ ಗಹಗಹಿಸಿ ನಕ್ಕರು. ಹೊರಗೆ ಬೆಂಚಿನಲ್ಲಿ ಕೂತಿದ್ದ ರೋಗಿಗಳೂ ನಕ್ಕರು. ಕಾಂಪೌಂಡರು ಔಷಧಿ ಕಟ್ಟುವುದನ್ನು ನಿಲ್ಲಿಸಿ ಇಣುಕಿ ನಕ್ಕ. ಅತ್ತಿಗೆಯೂ ನಕ್ಕರು. ಜೋಕು ಚೆನ್ನಾಗಿತ್ತು, ಸರಿಯಾದ ಜಾಗದಲ್ಲಿ ಬಿದ್ದಿತ್ತು, ಒಳ್ಳೆಯ ಜೋಕನ್ನು ಅತ್ತಿಗೆ ಯಾವತ್ತೂ ಕಡೆಗಣಿಸಿದವರಲ್ಲ. ಡಾಕ್ಟರು ಕಣ್ಣೊರೆಸಿಕೊಳ್ಳುತ್ತ ಚೀಟಿಯಲ್ಲಿ ಚೀಪುವ ಮಾತ್ರೆ ಬರೆದರು. “ಮಾತು ಕಮ್ಮಿ ಮಾಡಿ ಅಮ್ಮಾ. ನಿಮ್ಮ ಗಂಟಲಿಗೂ ಆರಾಮ, ಯಜಮಾನರ ಕಿವಿಗೂ ಆರಾಮ” ಎಂದರು. ನಗು ಮುಗಿಯುವ ಹೊತ್ತಿಗೆ ಮುಂದಿನ ರೋಗಿ ಒಳಗೆ ಬಂದಾಗಿತ್ತು. ಎಷ್ಟು ದಿನದಿಂದ ಎಂಬ ಪ್ರಶ್ನೆಗೆ ಉತ್ತರ ಬಂದಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಅತ್ತಿಗೆ ಮಾತ್ರೆ ಚೀಪಿದರು. ಮಾತು ಕಮ್ಮಿ ಮಾಡಿದರು. ಮೈಕಿನಲ್ಲಿ ಬಸ್ಸಿನ ಹೆಸರು, ಜಾಗ, ಅಷ್ಟೇ. ಮನೆಯಲ್ಲಿ ಅದೂ ಇಲ್ಲ. ಪಕ್ಕದ ಮನೆಯಾಕೆ ನನ್ನ ಬಳಿ ಬಂದು, “ನಿಮ್ಮತ್ತಿಗೆ ಈಗ ಎಷ್ಟು ತಗ್ಗಿಬಗ್ಗಿ ಇದ್ದಾರೆ ರೀ! ವಯಸ್ಸಾಗ್ತಾ ಆಗ್ತಾ ಹೆಂಗಸರು ಹೀಗೇ ಮಾಗಬೇಕು” ಎಂದಳು. ಮಾಗುವುದಕ್ಕೆ ಅವರೇನು ಹಣ್ಣೇ? ನನಗೆ ಮೈಯೆಲ್ಲ ಉರಿಯಿತು. ಉತ್ತರ ಕೊಟ್ಟರೆ ‘ಗಂಡ ಬಿಟ್ಟವಳ ಬಾಯಿ ನೋಡು’ ಎನ್ನುತ್ತಾಳೆ, ಕೊಡದಿದ್ದರೆ ನಾನೂ ಮಾಗುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಬಾಗಿಲು ಹಾಕಿಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ಬಚ್ಚಲಿನಿಂದ ಅತ್ತಿಗೆ ನನ್ನನ್ನು ಕೈಸನ್ನೆ ಮಾಡಿ ಕರೆದರು. ತೊಟ್ಟಿಯ ಬಿಳಿ ಅಂಚಿನ ಮೇಲೆ ಅವರು ಉಗುಳಿದ್ದರಲ್ಲಿ ರಕ್ತದ ಎಳೆ ಇತ್ತು. “ಮೊನ್ನೆಯಿಂದ” ಎಂದು ಗಾಳಿಯಂಥ ಧ್ವನಿಯಲ್ಲಿ ಹೇಳಿದರು, “ನುಂಗೋಕೂ ಕಷ್ಟ.” ನಾನು ನೇರ ಅಂಗಡಿಗೆ ಹೋದೆ. ಅಲ್ಲಿ ನಾಲ್ಕಾರು ಜನ ನಿಂತಿದ್ದರು. “ಅಣ್ಣಾ, ಅತ್ತಿಗೇನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಈಗಲೇ” ಎಂದೆ. ಅವನು ಭೂತಗನ್ನಡಿ ತೆಗೆಯಲಿಲ್ಲ. “ನೋಡಿ ಸ್ವಾಮಿ, ಒಂದು ಮೈಕು ಆಫ್ ಆಯ್ತು ಅಂತ ಖುಷಿಪಟ್ರೆ ಇನ್ನೊಂದು ಆನ್ ಆಗಿದೆ!” ಎಂದ. ಜನ ನಕ್ಕರು. ನಾನು ಅವನ ಮೇಜಿನ ಮೇಲಿದ್ದ ಬಿಚ್ಚಿದ ವಾಚಿನ ತಟ್ಟೆಯನ್ನು ಎತ್ತಿ ನೆಲಕ್ಕೆ ಒಗೆದೆ. ಹಲ್ಲಿನ ಚಕ್ರಗಳು ಜನರ ಕಾಲಿನ ನಡುವೆ ಉರುಳಿಹೋದವು. ಆಗ ಅವನು ತಲೆಯೆತ್ತಿದ. ಜನ ನನಗೆ ಇಟ್ಟ ಹೆಸರು ಬಜಾರಿ. ಬಜಾರಿನಲ್ಲಿ ಅಂಗಡಿಯಿಟ್ಟುಕೊಂಡು ಕೂತವನು ಅಣ್ಣ, ಬಜಾರಿ ನಾನು.

ದೊಡ್ಡಾಸ್ಪತ್ರೆಯ ಗಂಟಲಿನ ವಿಭಾಗದಲ್ಲಿ ಒಬ್ಬ ವೈದ್ಯೆ ಇದ್ದರು. ಮೂಗಿನ ಮೂಲಕ ತೆಳುವಾದ ಕೊಳವೆ ಇಳಿಸಿ ಪರದೆಯ ಮೇಲೆ ನೋಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ, ಅದನ್ನು ನೋಡಿಯೇ ನನಗೆ ಭಯವಾಯಿತು. ಅವರೂ ಅದೇ ಪ್ರಶ್ನೆ ಕೇಳಿದರು: “ಎಷ್ಟು ದಿನದಿಂದ?” ಅಣ್ಣ ಬಾಯಿ ತೆರೆದ. “ನಾನು ಅವರನ್ನ ಕೇಳಿದ್ದು” ಎಂದರು ವೈದ್ಯೆ. ಅತ್ತಿಗೆ ಚಳಿಗಾಲದಿಂದ ಎಂದು ಪಿಸುಗುಟ್ಟಿದರು. ಆಗ ಹೊರಗೆ ಮಳೆಗಾಲ ಮುಗಿಯುತ್ತ ಬಂದಿತ್ತು. ವೈದ್ಯೆ ಪೆನ್ನು ಕೆಳಗಿಟ್ಟರು. “ಗಡ್ಡೆ ಬೆಳೆದುಬಿಟ್ಟಿದೆ. ಮೊದಲೇ ಬಂದಿದ್ರೆ ಧ್ವನಿ ಉಳಿಸೋಕೆ ನೋಡಬಹುದಿತ್ತು. ಈಗ ಧ್ವನಿಪೆಟ್ಟಿಗೆ ತೆಗೀಲೇಬೇಕು. ಇಷ್ಟು ದಿನ ಯಾರಿಗೂ ತೋರಿಸಲಿಲ್ವಾ?” ಎಂದರು.

ತೋರಿಸಿದ್ದೆವು ಎಂದು ಅಣ್ಣ ಹೇಳಲಿಲ್ಲ. ನಾನು ಹೇಳಹೊರಟೆ, ಅತ್ತಿಗೆ ನನ್ನ ಮೊಣಕೈ ಹಿಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತ. ಬಿಕ್ಕಿಬಿಕ್ಕಿ ಅತ್ತ. ಹಿಂದಿನ ಸೀಟಿನ ಮುದುಕ ಅವನ ಭುಜ ತಟ್ಟಿ, “ಹೆಂಗಸರ ಥರ ಅಳಬೇಡಪ್ಪ, ಗಂಡಸು ನೀನು” ಎಂದ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಧ್ವನಿ ಕಳೆದುಕೊಳ್ಳಲಿದ್ದ ಹೆಂಗಸು, ಅಳುತ್ತಿರಲಿಲ್ಲ. ಅವರು ಟಿಕೆಟ್ಟನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

ಶಸ್ತ್ರಚಿಕಿತ್ಸೆಯ ದಿನ ಸ್ಟ್ರೆಚರು ಒಳಗೆ ಹೋಗುವ ಮೊದಲು ಅವರು ನನ್ನನ್ನು ಹತ್ತಿರ ಕರೆದು ಹೇಳಿದ ಮಾತು ನನಗೆ ಈಗಲೂ ಕೇಳಿಸುತ್ತದೆ. “ಒಂದು ಜೋಕೂ ಹೇಳದೆ ಹೋಗ್ತಿದ್ದೀನಿ ಕಣೇ. ಹೊಳೀತಿಲ್ಲ.” ಅದು ಅವರ ಕೊನೆಯ ಮಾತು. ಬದುಕಿದರು, ಆದರೆ ಮಾತು ಅದೇ ಕೊನೆ.

ಮನೆಗೆ ಬಂದಾಗ ಕುತ್ತಿಗೆಯ ಬುಡದಲ್ಲಿ ಒಂದು ತೂತು. ಉಸಿರು ಅದರಲ್ಲೇ ಬರುತ್ತಿತ್ತು, ಅದರಲ್ಲೇ ಹೋಗುತ್ತಿತ್ತು. ಅದರೊಳಗಿನ ಕೊಳವೆಯನ್ನು ತೆಗೆದು, ತೊಳೆದು, ಮತ್ತೆ ಇಡುವ ಕೆಲಸವನ್ನು ಅಣ್ಣನೇ ಕಲಿತ. ವಾಚಿನ ಚಕ್ರ ಎತ್ತಿದ ಕೈ, ನಡುಗದೆ ಮಾಡುತ್ತಿತ್ತು. ನಾನು ತೂತಿನ ಮೇಲೆ ಇಳಿಬಿಡಲು ತೆಳ್ಳನೆಯ ಬಟ್ಟೆಯ ಕೊರಳಪಟ್ಟಿಗಳನ್ನು ಹೊಲಿದುಕೊಟ್ಟೆ. ಕುತ್ತಿಗೆಗೆ ಪುಟ್ಟ ಯಂತ್ರ ಇಟ್ಟುಕೊಂಡು ಮಾತಾಡಬಹುದು ಎಂದು ಆಸ್ಪತ್ರೆಯಲ್ಲಿ ಒಂದನ್ನು ತೋರಿಸಿದ್ದರು, ಅದನ್ನು ಒತ್ತಿದಾಗ ಬಂದ ಗುಂಯ್ ಎನ್ನುವ ಸದ್ದಿಗೆ ವಾರ್ಡಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತಿಗೆ ಅದನ್ನು ವಾಪಸು ಕೊಟ್ಟರು. ಒಂದು ಸ್ಲೇಟು ತಂದುಕೊಟ್ಟೆವು.

ಸ್ಲೇಟಿನಲ್ಲಿ ಅನ್ನ, ನೀರು, ನೋವು ಎಲ್ಲ ಬರೆಯಬಹುದು. ತಮಾಷೆ ಬರೆಯಲಾಗುವುದಿಲ್ಲ. ಯಾರೋ ಏನೋ ಅನ್ನುತ್ತಾರೆ, ಅತ್ತಿಗೆಯ ಕಣ್ಣು ಮಿಂಚುತ್ತದೆ, ಬಳಪ ಎತ್ತಿಕೊಳ್ಳುತ್ತಾರೆ, ಬಗ್ಗಿ ಬರೆಯುತ್ತಾರೆ. ಅವರು ತಲೆಯೆತ್ತುವ ಹೊತ್ತಿಗೆ ಮಾತು ಇನ್ನೆಲ್ಲಿಗೋ ಹೋಗಿರುತ್ತದೆ. ಬಂದವರು ಸ್ಲೇಟನ್ನು ಓದಿ, ಏನೆಂದು ತಿಳಿಯದೆ, “ಹ್ಞೂ ಹ್ಞೂ, ರೆಸ್ಟ್ ತಗೊಳ್ಳಿ” ಎನ್ನುತ್ತಾರೆ. ಅತ್ತಿಗೆ ಅಂಗೈಯಿಂದ ಒರೆಸುತ್ತಾರೆ. ಇಡೀ ನಿಲ್ದಾಣವನ್ನು ಒಂದು ವಾಕ್ಯದಲ್ಲಿ ನಗಿಸಿದ ಹೆಂಗಸು ಒಬ್ಬರನ್ನು ನಗಿಸಲಾಗದೆ ಕೂತಿರುವುದನ್ನು ನೋಡುವುದು ನನಗೆ ಆ ತೂತನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು.

ನಿಲ್ದಾಣದವರು ಅವರಿಗೆ ಬೀಳ್ಕೊಡುಗೆ ಇಟ್ಟುಕೊಂಡರು. ಗಾಜಿನ ಕೋಣೆಗೆ ಅಷ್ಟರಲ್ಲಿ ಯಂತ್ರ ಬಂದಿತ್ತು, ಎಲ್ಲೋ ಯಾರೋ ಹುಡುಗಿ ಮೊದಲೇ ಹೇಳಿಟ್ಟ ಹೆಸರುಗಳನ್ನು ಅದು ತುಂಡುತುಂಡಾಗಿ ಜೋಡಿಸಿ ಕೂಗುತ್ತಿತ್ತು. ಬೀಳ್ಕೊಡುಗೆಯ ಸುದ್ದಿ ಬಂದ ದಿನದಿಂದ ಅತ್ತಿಗೆ ಸ್ಲೇಟಿನಲ್ಲಿ ಏನನ್ನೋ ಬರೆಯುವುದು, ಒರೆಸುವುದು ಮಾಡತೊಡಗಿದರು. ಕೊನೆಗೆ ನನಗೆ ತೋರಿಸಿದರು. ಓದಿ ನನಗೆ ನಗು ಬಂತು, ನಗು ಮುಗಿಯುವ ಮೊದಲೇ ಇನ್ನೊಮ್ಮೆ ಓದಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಜೋಕು ಬಿತ್ತು ಎಂದು ಅವರಿಗೆ ಗೊತ್ತಾಯಿತು. ಎಷ್ಟೋ ತಿಂಗಳಾದ ಮೇಲೆ ಆ ಮುಖ ಅರಳಿದ್ದನ್ನು ಕಂಡೆ. ಕೆಳಗೆ ಸಣ್ಣಗೆ ಬರೆದರು: ‘ನೀನೇ ಓದಬೇಕು. ಮೊದಲ ಸಾಲು ಆದಮೇಲೆ ನಿಲ್ಲು. ಅವರು ನಕ್ಕು ಮುಗಿಸಲಿ. ಆಮೇಲೆ ಎರಡನೇದು.’

ಸಭೆ ನಡೆದದ್ದು ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಬಣ್ಣದ ಕಾಗದ, ಮೇಜಿನ ಮೇಲೆ ಒಂದು ಹೂಗುಚ್ಛ, ಬಾಗಿಲ ಬಳಿ ಒಬ್ಬ ಫೋಟೋದವನು. ಅತ್ತಿಗೆ ಸ್ಲೇಟನ್ನು ಮಡಿಲಲ್ಲಿ ಕವುಚಿ ಇಟ್ಟುಕೊಂಡು ಕೂತಿದ್ದರು. ಅಧಿಕಾರಿ ಒಳ್ಳೆಯ ಮಾತುಗಳನ್ನೇ ಆಡಿದರು. ಆಮೇಲೆ, “ಈಗ ಅಮ್ಮನವರ ಪರವಾಗಿ ಅವರ ಯಜಮಾನರು ಎರಡು ಮಾತಾಡ್ತಾರೆ” ಎಂದರು. ನಾನು ಎದ್ದು ನಿಂತೆ. “ನಾನು ಓದ್ತೀನಿ ಸಾರ್, ಅವರೇ ಬರೆದಿದ್ದಾರೆ” ಎಂದೆ. “ನೀವು ಕೂತ್ಕೊಳ್ಳಿ ತಾಯಿ, ಗಂಡ ಇರೋವಾಗ ನೀವ್ಯಾಕೆ?” ಎಂದರು ಅಧಿಕಾರಿ. ಅಣ್ಣ ಅಷ್ಟರಲ್ಲಿ ಅತ್ತಿಗೆಯ ಮಡಿಲಿನಿಂದ ಸ್ಲೇಟು ತೆಗೆದುಕೊಂಡಿದ್ದ. ಅತ್ತಿಗೆ ನನ್ನ ಕಡೆ ನೋಡಿದರು, ಆಮೇಲೆ ಅವನ ಕಡೆ ನೋಡಿ ತಲೆಯಾಡಿಸಿದರು. ಓದಲಿ, ಅವನೇ ಓದಿದರೆ ಇನ್ನೂ ಸರಿ ಎಂದುಕೊಂಡರೋ ಏನೋ.

ಅಣ್ಣ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದಿದ.

“ಇಷ್ಟು ವರ್ಷ ಬಸ್ಸು ತಡವಾದಾಗಲೆಲ್ಲ, ಬಸ್ಸು ಓಡಿಸದ ನಾನು ಕ್ಷಮೆ ಕೇಳಿದ್ದೇನೆ.”

ಕೋಣೆ ನಕ್ಕಿತು. ಡ್ರೈವರುಗಳು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಅತ್ತಿಗೆ ಹಿಂದಿನ ಹಾಗೆ ಕುರ್ಚಿಯ ತುದಿಗೆ ಸರಿದು, ನಗು ಏರುವುದನ್ನೂ ಇಳಿಯುವುದನ್ನೂ ಗಮನವಿಟ್ಟು ನೋಡುತ್ತಿದ್ದರು. ನಗು ಇಳಿಯಿತು. ಇದೇ ಹೊತ್ತು ಎಂದು ಅಣ್ಣನಿಗೆ ಗಲ್ಲದಿಂದ ಸನ್ನೆ ಮಾಡಿದರು.

ಎರಡನೆಯ ಸಾಲು ನನಗೆ ಬಾಯಿಪಾಠವಾಗಿತ್ತು. ‘ನನ್ನ ಚಿಕಿತ್ಸೆ ತಡವಾದದ್ದಕ್ಕೆ ನಿಮ್ಮಲ್ಲಿ ಯಾರು ಕ್ಷಮೆ ಕೇಳುತ್ತೀರಿ?’

ಅಣ್ಣ ಅದನ್ನು ಕಣ್ಣಿನಲ್ಲೇ ಓದಿದ. ಅವನ ಕಿವಿ ಕೆಂಪಾಯಿತು. ಎದುರಿಗೆ ಇಡೀ ನಿಲ್ದಾಣ ಬಾಯಿ ತೆರೆದುಕೊಂಡು, ಮುಂದಿನ ನಗುವಿಗಾಗಿ ಅವನನ್ನೇ ನೋಡುತ್ತಿತ್ತು. ಜನ ಹಾಗೆ ನೋಡಿದಾಗ ಅವನು ಇಷ್ಟು ವರ್ಷ ಏನು ಮಾಡುತ್ತ ಬಂದಿದ್ದನೋ ಅದನ್ನೇ ಮಾಡಿದ.

“ಇನ್ನು ಮೇಲೆ ನಾನು ಮನೆಗೆ ತಡವಾಗಿ ಹೋದ್ರೂ ಕೇಳೋರಿಲ್ಲ ಸ್ವಾಮಿ!” ಎಂದ.

ಚಾವಣಿ ಹಾರಿಹೋಗುವಂಥ ನಗು. ಚಪ್ಪಾಳೆ. ಅಧಿಕಾರಿ ಎದ್ದು ಬಂದು ಅಣ್ಣನ ಬೆನ್ನು ತಟ್ಟಿದರು. “ಎಂಥ ಕಷ್ಟದಲ್ಲೂ ನಗಿಸ್ತೀರಲ್ಲ ಮಾರಾಯರೇ!” ಅಣ್ಣನ ಕಣ್ಣಿನಲ್ಲಿ ನೀರಿತ್ತು. ಆ ನೀರನ್ನೂ ಎಲ್ಲರೂ ಮೆಚ್ಚಿದರು.

“ಇನ್ನೂ ಇದೆ!” ನಾನು ಕಿರುಚಿದೆ. “ಅದು ಅವರು ಬರೆದದ್ದಲ್ಲ! ಎರಡನೇ ಸಾಲು ಓದಲಿಲ್ಲ ಅವನು!”

ಅಧಿಕಾರಿ ನನ್ನ ಕಡೆ ತಿರುಗಿ ಕೈ ಮುಗಿದರು. “ಆಹಾ, ಏನು ಧ್ವನಿ! ಮೊದಲೇ ಹೇಳಿದ್ರೆ ಆ ಯಂತ್ರ ತರಿಸ್ತಾನೇ ಇರ್ಲಿಲ್ಲವಲ್ಲ ತಾಯಿ!” ಎಂದರು. ಅದಕ್ಕೂ ನಕ್ಕರು. ಮೊದಲಿಗಿಂತ ಜೋರಾಗಿ ನಕ್ಕರು. ನಾನು ಇನ್ನೂ ಏನೋ ಕೂಗುತ್ತಿದ್ದೆ, ನನ್ನ ಕೂಗು ನನಗೇ ಕೇಳಿಸಲಿಲ್ಲ.

ಅತ್ತಿಗೆ ಎದ್ದು ಅಣ್ಣನ ಕೈಯಿಂದ ಸ್ಲೇಟು ತೆಗೆದುಕೊಂಡರು. ಅದನ್ನು ಎದೆಯೆತ್ತರಕ್ಕೆ ಹಿಡಿದು ಜನರ ಕಡೆ ತಿರುಗಿಸಿದರು. ಮುಂದಿನ ಸಾಲಿನ ಕುರ್ಚಿಗಳು ಖಾಲಿಯಾಗಿದ್ದವು, ಎಲ್ಲರೂ ಟ್ರೇಯ ಕಡೆ ಎದ್ದಿದ್ದರು, ಟೀ ಬಂದಿತ್ತು. ಅವರು ಹಿಡಿದೇ ನಿಂತರು, ಯಾರೋ ತೋಳಿಗೆ ಸಿಕ್ಕಿಸಿ ಹೋದ ಹೂಗುಚ್ಛ ಸ್ಲೇಟಿನ ಹಿಂದೆ ಮರೆಯಾಗಿತ್ತು. ಕುತ್ತಿಗೆಯ ಪಟ್ಟಿ ಉಸಿರಿಗೆ ಒಳಗೆ ಹೊರಗೆ ಆಡುತ್ತಿತ್ತು. ಬಿಳಿಯ ಅಕ್ಷರಗಳು ನಾನು ನಿಂತಲ್ಲಿಗೆ ಚೆನ್ನಾಗಿ ಕಾಣುತ್ತಿದ್ದವು.

ಫೋಟೋದವನು ಕ್ಯಾಮೆರಾ ಕಣ್ಣಿಗೆ ಹಿಡಿದ, ಮತ್ತೆ ಇಳಿಸಿದ. “ಆ ಸ್ಲೇಟು ಕೆಳಗಿಡಿ ಅಮ್ಮಾ” ಎಂದ, “ಹೂವು ಕಾಣ್ತಿಲ್ಲ. ಹ್ಞಾ, ಒಂಚೂರು ನಗಿ.”